ಕೆಂಪು ದಾರದ ಚೀಟಿ

ಆ ಹಾಳು ಫಾರಂ ತುಂಬುವಾಗ ಟೈಲರಮ್ಮ ಮಾಡಿದ ತಪ್ಪು ಒಂದೇ: ನಿಜ ಬರೆದುಬಿಟ್ಟಳು.

ಪರದೇಶಕ್ಕೆ ಬಂದು ಇಪ್ಪತ್ತೆರಡು ವರ್ಷ. ವರ್ಷ ವರ್ಷವೂ ವೀಸಾಕ್ಕಾಗಿ ಕೈಕಟ್ಟಿ ನಿಂತು ಅವಳಿಗೆ ಸಾಕುಸಾಕಾಗಿತ್ತು. ಖಾಯಂ ವಾಸದ ಕಾರ್ಡೊಂದು ಸಿಕ್ಕರೆ ಸಾಯುವತನಕ ನೆಮ್ಮದಿ. ‘ನೀವು ಅಥವಾ ಮನೆಯವರು ದೇಶ ಬಿಟ್ಟು ಹೋಗಿದ್ದ ದಿನಗಳು’ ಎಂಬಲ್ಲಿ ಬೇರೆಯವರಾಗಿದ್ದರೆ ಒಂದು ಗೀಟೆಳೆದು ತೆಪ್ಪಗಿರುತ್ತಿದ್ದರು. ಇವಳೋ, ಅಳತೆ ಕಾಲಿಂಚು ತಪ್ಪಿದರೂ ನಿದ್ದೆ ಬಾರದ ಹೆಂಗಸು. ‘ಗಂಡ, ಹನ್ನೊಂದು ವರ್ಷದ ಹಿಂದೆ, ಮಾವ ತೀರಿಕೊಂಡಾಗ, ಹನ್ನೆರಡು ದಿನ’ ಎಂದು ಬರೆದಳು.

ವಲಸೆ ಕಚೇರಿಯ ಅಧಿಕಾರಿಣಿ ಕನ್ನಡಕ ಮೇಲೇರಿಸಿ ಕಂಪ್ಯೂಟರ್ ನೋಡಿದಳು. “ನಿಮ್ಮ ಯಜಮಾನರು ಹೋಗಿದ್ದು ಇದೆಯಮ್ಮಾ. ವಾಪಸ್ ಬಂದದ್ದು ಇಲ್ಲ.”

“ಅಯ್ಯೋ, ಮನೇಲೇ ಇದ್ದಾರೆ! ಈಗ ಬರೋವಾಗಲೂ ಇಸ್ತ್ರಿ ಮಾಡ್ತಾ ಇದ್ರು.”

“ಹಾಗಾದ್ರೆ ನಾಳೆ ಕರ್ಕೊಂಡು ಬನ್ನಿ. ಇಲ್ಲ, ಇಲ್ಲಿದ್ರು ಅನ್ನೋಕೆ ಪುರಾವೆ ತನ್ನಿ. ಅದೂ ಇಲ್ಲ ಅಂದ್ರೆ ಅವರು ಬರಲಿಲ್ಲ ಅಂತ ಒಂದು ಸಾಲು ಬರೀರಿ. ನಾಳೇನೇ ಕಾರ್ಡ್ ಕೊಡ್ತೀನಿ.” ಅವಳ ದನಿಯಲ್ಲಿ ಮರುಕವಿತ್ತು. ಅದೇ ಟೈಲರಮ್ಮನಿಗೆ ಹೆದರಿಕೆ ಹುಟ್ಟಿಸಿತು.

ಮನೆಗೆ ಬಂದವಳೇ ಚೀಟಿಗಳ ಡಬ್ಬ ಕೆಳಗಿಳಿಸಿದಳು. ಮನೆಯಲ್ಲೇ ನಡೆಸುವ ಅವರ ಹೊಲಿಗೆ ಅಂಗಡಿಯ ರೂಢಿಯೇ ಹಾಗೆ: ಹೊಲಿದ ಪ್ರತಿ ಬಟ್ಟೆಗೂ ಒಂದು ಚೀಟಿ, ಚೀಟಿಗೆ ಒಂದೆಳೆ ದಾರ. ಅವಳು ಹೊಲಿದರೆ ನೀಲಿ, ಅವನು ಹೊಲಿದರೆ ಕೆಂಪು. ಇದಕ್ಕಿಂತ ಪುರಾವೆ ಬೇಕೆ? ವರ್ಷದ ಕಟ್ಟುಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋದಳು. ನೀಲಿ, ನೀಲಿ, ಬರೀ ನೀಲಿ. ಕೆಂಪು ದಾರ ಸಿಕ್ಕಿದ್ದು ಹನ್ನೊಂದು ವರ್ಷದ ಹಿಂದಿನ ಕಟ್ಟುಗಳಲ್ಲಿ ಮಾತ್ರ.

ಹೌದಲ್ಲ. ಊರಿಂದ ಬಂದ ಮೇಲೆ “ಕೈ ನಡುಗುತ್ತೆ ಕಣೇ” ಎಂದು ಅವನು ಸೂಜಿ ಹಿಡಿದಿರಲಿಲ್ಲ. ಇಸ್ತ್ರಿ ಮಾತ್ರ. ಇಸ್ತ್ರಿ ಮಾಡಿದವನ ಗುರುತು ಬಟ್ಟೆಯಲ್ಲಿ ಎಲ್ಲಿ ಉಳಿಯುತ್ತದೆ? ಹೊಸ್ತಿಲು ದಾಟಿದ್ದೂ ಇಲ್ಲ. ವೀಸಾದಲ್ಲಿ ಅವನು ಅವಳ ಹೆಸರಿನ ಕೆಳಗಿನ ಒಂದು ಸಾಲು. ಆ ಸಾಲನ್ನು ಯಾರೂ ಕಣ್ಣೆತ್ತಿ ನೋಡಿರಲಿಲ್ಲ. ಅವನು ಬಂದ ಮಧ್ಯಾಹ್ನ ನೆನಪಾಯಿತು. ಕೈಯಲ್ಲಿ ಚೀಲವಿರಲಿಲ್ಲ, ಕಾಲಲ್ಲಿ ಚಪ್ಪಲಿಯಿರಲಿಲ್ಲ. ಬಂದನಲ್ಲ, ಅಷ್ಟೇ ಸಾಕು ಎಂದುಕೊಂಡು ಅವಳು ಏನನ್ನೂ ಕೇಳಿರಲಿಲ್ಲ. ಊರಿನ ಫೋನು ಬಂದರೂ ಎತ್ತಿರಲಿಲ್ಲ. ಯಾಕೆ ಎತ್ತಲಿಲ್ಲ ಎಂದು ಈಗ ತನ್ನನ್ನೇ ಕೇಳಿಕೊಂಡಳು.

ಒಳಕೋಣೆಯಿಂದ ಒದ್ದೆ ಬಟ್ಟೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಓಡಿಸುವ ಸದ್ದು ಬರುತ್ತಿತ್ತು, ಸುಯ್, ಸುಯ್ ಎಂದು.

“ರೀ, ನಾಳೆ ನನ್ ಜೊತೆ ಕಚೇರಿಗೆ ಬರ್ತೀರಾ?”

“ಆಗಲ್ಲ ಕಣೇ. ಅವರು ಏನು ಬರಿ ಅಂದ್ರೋ ಅದನ್ನೇ ಬರಿ. ನಿನ್ನ ಕೆಲಸ ಆಗಲಿ.”

ಅವನಿಗೆ ಯಾರು ಹೇಳಿದರು? ಕೇಳುವ ಧೈರ್ಯ ಬರಲಿಲ್ಲ. ಪೆನ್ನು ತೆಗೆದಳು. ‘ನನ್ನ ಗಂಡ ವಾಪಸ್ ಬರಲಿ’ ಎಂಬಷ್ಟು ಬರೆದಿದ್ದಳು, ಒಳಗೆ ಸದ್ದು ನಿಂತಿತು. ಪೆನ್ನೆತ್ತಿದಳು. ಸುಯ್. ಮತ್ತೆ ಊರಿದಳು. ನಿಶ್ಶಬ್ದ. ಕತ್ತರಿಸಿದ ಬಟ್ಟೆ, ಬಿಸಿ ಹಬೆ, ಇಡೀ ಮನೆಯೇ ಅವಳ ಕೈಯನ್ನು ನೋಡುತ್ತಾ ಕಾದಿತ್ತು.

ಇಪ್ಪತ್ತೆರಡು ವರ್ಷ ಕಾದ ಕಾರ್ಡು! ಅವಳಿಗೆ ಅಳು ಒತ್ತರಿಸಿ ಬಂತು. ಕಾರ್ಡಿನ ಮನೆ ಹಾಳಾಗಲಿ ಎಂದು ಬೈದು, ಬರೆದದ್ದನ್ನು ಗೀಚಿ ಹಾಕಿ, ಕೆಳಗೆ ಬರೆದಳು: ‘ಬಂದಿದ್ದಾರೆ. ನನ್ನ ಜೊತೆಗೇ ಇದ್ದಾರೆ.’

ಮರುದಿನ ಅಧಿಕಾರಿಣಿ ಅದನ್ನು ಓದಿ ನಿಟ್ಟುಸಿರು ಬಿಟ್ಟಳು. ಖಾಯಂ ವಾಸದ ಅರ್ಜಿ ತಿರಸ್ಕಾರವಾಯಿತು. ಎಂದಿನಂತೆ ಒಂದು ವರ್ಷದ ವೀಸಾ ಸಿಕ್ಕಿತು. ಟೈಲರಮ್ಮ ಏದುಸಿರು ಬಿಡುತ್ತಾ ಮನೆಗೆ ಓಡಿ ಬಂದಳು. ಅವನು ಅಲ್ಲೇ ಇದ್ದ, ಅಂಗಿಯ ತೋಳು ಬಿಡಿಸುತ್ತಿದ್ದ.

“ಎಷ್ಟು ಕೊಟ್ರು?”

“ಒಂದು ವರ್ಷ.”

“ನಾನು ವಾಪಸ್ ಬಂದೆ ಅಂತ ಬರೆದ್ಯಾ?”

“ಹ್ಞೂಂ.”

ಅವನು ತಲೆಯೆತ್ತಿ ಪ್ರೀತಿಯಿಂದ ನೋಡಿದ. “ಸುಳ್ಳು ಬರೆದುಬಿಟ್ಟೆಯಲ್ಲೇ.”

“ಪೆಟ್ಟಿಗೆ ಆರುತ್ತೆ, ಕೆಲಸ ನೋಡ್ರಿ” ಎಂದು ಅವಳು ಒದ್ದೆ ಬಟ್ಟೆ ಹಿಂಡಿ ಅವನ ಕೈಗೆ ಕೊಟ್ಟಳು.