ಆರರ ಈಚೆ, ಆರರ ಆಚೆ

ಲೇವಾರ್ಡನ್ ಎಂಬ ಊರಿನ ಆ ಅಡುಗೆಮನೆಯಲ್ಲಿ ಎರಡು ಗಡಿಯಾರಗಳಿದ್ದವು. ಒಲೆಯ ಮೇಲಿನದು ಮನೆಯ ಹೊತ್ತು ತೋರಿಸುತ್ತಿತ್ತು. ಕಿಟಕಿಯ ಪಕ್ಕದ ಚಿಕ್ಕದು ಅದಕ್ಕಿಂತ ಒಂದು ಗಂಟೆ ಹಿಂದೆ, ಐರ್ಲೆಂಡಿನ ಹೊತ್ತಿಗೆ ನಡೆಯುತ್ತಿತ್ತು. ಚಿಕ್ಕದನ್ನು ತೂಗುಹಾಕಿದವಳು ರೆನ್ಸ್ಕೆ. ಅದನ್ನು ದಿನಕ್ಕೆ ಎಷ್ಟು ಸಲ ನೋಡುತ್ತಾಳೆಂದು ಅವಳ ಗಂಡ ದೌವೆ ಒಮ್ಮೆ ಎಣಿಸಲು ಹೋಗಿ ಮಧ್ಯಾಹ್ನದ ಹೊತ್ತಿಗೇ ಕೈಬಿಟ್ಟಿದ್ದ.

ಐರ್ಲೆಂಡಿನ ಪಶ್ಚಿಮ ತೀರದಲ್ಲಿ, ಇನಿಶ್‌ದಾರ ಎಂಬ ಪುಟ್ಟ ನಡುಗಡ್ಡೆಯ ಮೇಲೆ, ಅವರಿಬ್ಬರದೊಂದು ಕಲ್ಲಿನ ಮನೆಯಿತ್ತು. ವರ್ಷಕ್ಕೆ ಆರು ವಾರ ತಾವು ಹೋಗಿ ಇರುತ್ತಿದ್ದರು. ಉಳಿದ ದಿನಗಳಲ್ಲಿ ರಜೆಗೆ ಬರುವವರಿಗೆ ಬಾಡಿಗೆಗೆ ಕೊಡುತ್ತಿದ್ದರು. ಹಾಗೆ ಕೊಡಲು ಶುರುಮಾಡಿ ಹದಿನಾಲ್ಕು ವರ್ಷ. ಅಷ್ಟೂ ವರ್ಷ ರೆನ್ಸ್ಕೆಯ ಜೀವದ ಒಂದು ತುಣುಕು ಆ ಮನೆಯಲ್ಲೇ ಬಿಡಾರ ಹೂಡಿತ್ತು. ಗ್ಯಾಸ್ ಮುಚ್ಚಿದರೋ ಇಲ್ಲವೋ, ಮಹಡಿಯ ಕಿಟಕಿಗೆ ಚಿಲಕ ಬಿತ್ತೋ ಇಲ್ಲವೋ, ಯಾರದೋ ಮಗು ಬಾವಿಯ ಮುಚ್ಚಳದ ಮೇಲೆ ಹತ್ತಿತೋ. ಎಲ್ಲಕ್ಕಿಂತ ಹೆಚ್ಚಾಗಿ, ಮರಳು.

ನಡುಗಡ್ಡೆಗೆ ಸೇತುವೆಯಿಲ್ಲ. ದಿನಕ್ಕೆರಡು ಸಲ ಸಮುದ್ರ ಹಿಂದೆ ಸರಿದಾಗ ಎಂಟುನೂರು ಮೀಟರ್ ಮರಳು ಬಯಲಾಗುತ್ತದೆ. ಅದರ ಉದ್ದಕ್ಕೂ ನೆಟ್ಟ ಕಂಬಗಳ ಸಾಲು ಹಿಡಿದು ಕಾರಿನಲ್ಲೇ ದಾಟಬಹುದು. ನೀರು ಮರಳುವಾಗ ಎದುರಿನಿಂದ ಬರುವುದಿಲ್ಲ. ನಡುಗಡ್ಡೆಯನ್ನು ಎರಡೂ ಕಡೆಯಿಂದ ಬಳಸಿಕೊಂಡು ಬಂದು, ನಾಲ್ಕನೇ ಐದನೇ ಕಂಬಗಳ ನಡುವಿನ ತಗ್ಗಿನಲ್ಲಿ ಸದ್ದಿಲ್ಲದೆ ಸೇರುತ್ತದೆ. ದಡದಲ್ಲಿ ನಿಂತವರ ಕಾಲಬುಡದ ಮರಳು ಆಗಲೂ ಒಣಗಿಯೇ ಇರುತ್ತದೆ. ಅದೇ ಅವಳಿಗೆ ಭಯ. ಅದಕ್ಕೇ ಪ್ರತಿ ತಿಂಗಳೂ ದಾಟುವ ವೇಳೆಯ ಹಾಳೆಯನ್ನು ಅಚ್ಚುಹಾಕಿ, ಆಚೆ ದಡದ ಊರಿನಲ್ಲಿದ್ದುಕೊಂಡು ಮನೆ ನೋಡಿಕೊಳ್ಳುವ ಅಟ್ರಾಕ್ಟಾಳಿಗೆ ಅಂಚೆಯಲ್ಲಿ ಕಳಿಸುತ್ತಿದ್ದಳು. ಅಕ್ಟೋಬರಿನ ಹಾಳೆ ಮಾತ್ರ ಇನ್ನೂ ತಲುಪಿರಲಿಲ್ಲ.

ಶನಿವಾರ ಫೋನು ಬಂದಾಗ ಚಿಕ್ಕ ಗಡಿಯಾರದಲ್ಲಿ ಮೂರು ಗಂಟೆ. ರೆನ್ಸ್ಕೆ ಸೊಪ್ಪು ತೊಳೆಯುತ್ತಿದ್ದಳು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಳು.

"ನಮಸ್ಕಾರ, ನಾನು ಫಿಂಟನ್. ಈಗಷ್ಟೇ ನಿಮ್ಮ ಮನೆಗೆ ಬಂದಿಳಿದ್ವಿ. ಹುಡುಗೀರು ಆಗಲೇ ಮಹಡಿ ಕೋಣೆಗೋಸ್ಕರ ಜುಟ್ಟು ಹಿಡ್ಕೊಂಡಿದಾರೆ!" ಎಂದು ಅತ್ತಲಿನ ದನಿ ನಕ್ಕಿತು. ಆ ವಾರದ ಅತಿಥಿ ಅವನು. ಡಬ್ಲಿನ್ನಿನವನು, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. "ಒಂದು ಕೇಳ್ಬೇಕಿತ್ತು. ಊರಿಗೆ ಹೋಗಿ ಸಾಮಾನು ತಂದು, ಮಕ್ಕಳಿಗೆ ಬಿಸಿ ಬಿಸಿ ಆಲೂ ಚಿಪ್ಸ್ ತಿನ್ನಿಸ್ಕೊಂಡು ಬರೋಣ ಅಂತ. ವಾಪಸ್ ದಾಟೋಕೆ ಎಷ್ಟು ಹೊತ್ತಿನ ತನಕ ಆಗತ್ತೆ?"

"ಒಂದೇ ನಿಮಿಷ."

ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಹಾಳೆಯ ಮೇಲೆ ಅವಳು ಒದ್ದೆ ಬೆರಳು ಇಳಿಸಿದಳು. ಶನಿವಾರ, ಐದೂವರೆ. ಅಷ್ಟರಲ್ಲಿ ದೌವೆ ಫ್ರಿಜ್ಜಿನೊಳಗೆ ತಲೆ ತೂರಿಸಿ, "ಸಾಸೇಜ್ ಎಲ್ಲಿಟ್ಟೆ? ಎಲ್ಲಿ? ಸಾಸಿವೆ ಹಿಂದೆ ಇಲ್ವಲ್ಲ?" ಎಂದು ತಮ್ಮ ಭಾಷೆಯಲ್ಲಿ ಇನ್ನೊಂದು ಕಿವಿಗೆ ಗೊಣಗುತ್ತಿದ್ದ. ಅವನಿಗೆ ಬೆರಳಿನಲ್ಲೇ ಕೆಳಗಿನ ಅರೆ ತೋರಿಸುತ್ತ ಅವಳು ಫೋನಿಗೆ ಇಂಗ್ಲಿಷಿನಲ್ಲಿ ಹೇಳಿದಳು.

"ಹಾಫ್ ಸಿಕ್ಸ್. ಅದರ ಮೇಲೆ ಒಂದು ನಿಮಿಷ ಕೂಡ ಬೇಡ. ದಯವಿಟ್ಟು."

"ಹಾಫ್ ಸಿಕ್ಸ್. ಗೋಡೆ ಮೇಲೆ ಬರೆದ ಹಾಗೆ ತಲೇಲಿ ಬರ್ಕೊಂಡೆ," ಅಂದ ಫಿಂಟನ್. "ಇಷ್ಟು ಕಾಳಜಿ ಮಾಡೋ ಮನೆ ಓನರ್‌ನ ನಾನು ನೋಡೇ ಇಲ್ಲ."

ಆ ಮಾತು ಅವಳಿಗೆ ಹಿತವಾಯಿತು. ಸೊಪ್ಪು ಹೆಚ್ಚುವಾಗಲೂ ಆ ಹಿತ ಉಳಿದಿತ್ತು.

ಆಲೂಗಡ್ಡೆಗೆ ಸೊಪ್ಪು ಬೆರೆಸಿ ಕಿವುಚಿ, ಮೇಲೆ ಸಾಸೇಜ್ ಇಟ್ಟುಕೊಂಡು, ಇಬ್ಬರೂ ಊಟ ಮುಗಿಸಿದರು. ದೌವೆ ತಟ್ಟೆ ಎತ್ತಿಟ್ಟು, ಹಾಡಿನ ತಂಡದ ಪುಸ್ತಕ ಹುಡುಕತೊಡಗಿದ. ಪ್ರತಿ ಶನಿವಾರ ಸಂಜೆ ಅವನಿಗೆ ಅಭ್ಯಾಸವಿರುತ್ತಿತ್ತು.

"ಇವತ್ತು ಎಷ್ಟು ಹೊತ್ತಿಗೆ ಅಂದ್ರು? ಬದಲಾಯ್ಸಿದ್ರಲ್ಲ?"

"ಹಾಲ್ಫ್ ಅಖ್ಟ್," ಅಂದಳು ರೆನ್ಸ್ಕೆ.

ಹಾಲ್ಫ್ ಅಖ್ಟ್. ಅರ್ಧ ಎಂಟು. ಅವರ ಮಾತಿನಲ್ಲಿ ಏಳೂವರೆಗೆ ಹಾಗೇ ಅನ್ನುವುದು: ಎಂಟಾಗಲು ಅರ್ಧ ದಾರಿ ಬಂತು ಎಂದು. ಹುಟ್ಟಿದಾಗಿನಿಂದ ಆಡಿದ ಮಾತು. ಬಾಯಿಂದ ಹೊರಬಿದ್ದ ಆ ಮಾತನ್ನು ಅವಳು ತಾನೇ ಬೇರೆಯವರಂತೆ ಕೇಳಿಸಿಕೊಂಡಳು. ಕೈಯಲ್ಲಿದ್ದ ಲೋಟ ತೊಟ್ಟಿಯ ಅಂಚಿಗೆ ತಾಗಿತು.

ಐರ್ಲೆಂಡಿನವರು 'ಹಾಫ್ ಎಯ್ಟ್' ಅಂದರೆ ಎಂಟೂವರೆ. ಎಂಟು ದಾಟಿ ಅರ್ಧ. 'ಹಾಫ್ ಸಿಕ್ಸ್' ಅಂದರೆ ಆರು ದಾಟಿ ಅರ್ಧ.

ಅವಳು ಐದೂವರೆ ಎಂದು ಹೇಳಿದ್ದಳು. ಫಿಂಟನ್ ಕೇಳಿಸಿಕೊಂಡದ್ದು ಆರೂವರೆ.

ಇದು ಅವಳಿಗೆ ಗೊತ್ತಿರದ ಸಂಗತಿಯಲ್ಲ. ಮನೆ ಕೊಂಡ ಮೊದಲ ವರ್ಷ ಅಟ್ರಾಕ್ಟಾ ಚಹಾಕ್ಕೆ 'ಹಾಫ್ ಫೋರ್' ಎಂದು ಕರೆದಾಗ, ಇವರು ಕೇಕು ಹಿಡಿದುಕೊಂಡು ಮೂರೂವರೆಗೇ ಹೋಗಿ ಬಾಗಿಲು ತಟ್ಟಿದ್ದರು. ಅಟ್ರಾಕ್ಟಾ ತಲೆತುಂಬ ಕೂದಲು ಸುತ್ತುವ ಸುರುಳಿ ಸಿಕ್ಕಿಸಿಕೊಂಡು, ಒಂದೇ ಕಾಲಿಗೆ ಕಾಲುಚೀಲ ಹಾಕಿಕೊಂಡು ಬಾಗಿಲು ತೆರೆದಿದ್ದಳು. ಅಂದಿನಿಂದ ಅವಳು ಯಾವ ಹೊತ್ತು ಹೇಳಿದರೂ, "ನಮ್ಮೂರ ಹೊತ್ತು ಕಣೆ, ನಿಮ್ಮೂರದಲ್ಲ," ಎಂದು ಬಾಲ ಸೇರಿಸದೆ ಬಿಡುತ್ತಿರಲಿಲ್ಲ. ಅಂದಿನಿಂದ ರೆನ್ಸ್ಕೆಯೂ ಇಂಗ್ಲಿಷಿನಲ್ಲಿ 'ಹಾಫ್' ಎಂಬ ಮಾತನ್ನೇ ಬಿಟ್ಟಿದ್ದಳು. ಫೈವ್ ಥರ್ಟಿ, ಸಿಕ್ಸ್ ಥರ್ಟಿ. ಹದಿನಾಲ್ಕು ವರ್ಷ ನಾಲಗೆ ಜಾರಿರಲಿಲ್ಲ.

ಚಿಕ್ಕ ಗಡಿಯಾರದಲ್ಲಿ ಐದು ಗಂಟೆ ನಲವತ್ತೆರಡು ನಿಮಿಷ.

ಫಿಂಟನ್‌ಗೆ ಫೋನು ಮಾಡಿದಳು. ರಿಂಗಾಗಲೇ ಇಲ್ಲ. ಆ ಊರಿನ ಅರ್ಧ ಭಾಗದಲ್ಲಿ ಸಿಗ್ನಲ್ ಸಿಗುವುದಿಲ್ಲ, ಅದು ಅವಳಿಗೆ ಗೊತ್ತಿತ್ತು. ಸಂದೇಶ ಬರೆದಳು: 'ದಾಟಬೇಡಿ. ಐದೂವರೆಗೇ ಮುಗಿಯಿತು. ದಾಟಬೇಡಿ.' ಅದು ಹೋಗದೆ ಪರದೆಯ ಮೇಲೇ ಉಳಿಯಿತು. ಅಟ್ರಾಕ್ಟಾಳಿಗೆ ಮಾಡಿದಳು. ಆಫ್. ಶನಿವಾರ ಸಂಜೆ ಚರ್ಚಿನಲ್ಲಿ ಪೂಜೆ. ಅಟ್ರಾಕ್ಟಾ ಅಲ್ಲಿ ಫೋನು ಆರಿಸಿಯೇ ಕೂರುವವಳು.

"ಏನಾಯ್ತೇ? ಮುಖ ಯಾಕೆ ಹಂಗಾಗಿದೆ?" ಅಂದ ದೌವೆ.

ಹೇಳಿದಳು. ಅವನು ಕೋಟಿನ ಒಂದು ತೋಳು ಹಾಕಿಕೊಂಡವನು ಹಾಗೇ ನಿಂತ.

"ನೋಡು, ಅವರಿಗೇನು ಕಣ್ಣಿಲ್ವಾ? ನೀರು ಕಂಡ್ರೆ ನಿಲ್ತಾರೆ."

"ಕಾಣಲ್ಲ ದೌವೆ. ದಡದಿಂದ ಕಾಣಲ್ಲ. ನಿಂಗೂ ಗೊತ್ತು."

"ಗೊತ್ತು, ಆದ್ರೆ ನಿಂಗೆ ಎಲ್ಲದ್ರಲ್ಲೂ ಹೆಣಾನೇ ಕಾಣೋದು. ಹೋದ ವರ್ಷ ಗ್ಯಾಸ್ ಸೋರ್ತಿದೆ ಅಂತ ಪಾಪ ಅಟ್ರಾಕ್ಟಾನ್ನ ಸುರಿಯೋ ಮಳೇಲಿ ಓಡ್ಸಿದ್ದೆ. ಏನಿತ್ತು ಅಲ್ಲಿ? ಕೊಳೆತ ಈರುಳ್ಳಿ."

"ಚಿಕ್ಕವಳಿಗೆ ನಾಲ್ಕು ವರ್ಷ," ಅಂದಳು ರೆನ್ಸ್ಕೆ. "ಹಿಂದಿನ ಸೀಟಲ್ಲಿ ಬೆಲ್ಟು ಬಿಗಿದು ಕೂರ್ಸಿರ್ತಾರೆ. ಅವಳಾಗೇ ಬಿಚ್ಕೊಳ್ಳೋಕೆ ಬರಲ್ಲ."

ದೌವೆ ಅವಳ ಮುಖ ನೋಡಿದ. ಕೋಟಿನ ತೋಳು ಕಳಚಿ, ಫೋನು ತೆಗೆದು ತುರ್ತುಸೇವೆಯ ಸಂಖ್ಯೆ ಒತ್ತಿದ. ಅದು ಸಿಕ್ಕಿದ್ದು ಇಲ್ಲಿಯವರಿಗೇ. "ಅಲ್ಲ ಸ್ವಾಮಿ, ಇಲ್ಲಲ್ಲ... ಐರ್ಲೆಂಡಲ್ಲಿ... ಹೌದು, ನಾವು ಇಲ್ಲೇ ಇದೀವಿ, ಮುಳುಗೋರು ಅಲ್ಲಿದಾರೆ... ಇನ್ನೂ ಮುಳುಗಿಲ್ಲ!" ಎಂದು ಅವನು ಹಜಾರದ ಉದ್ದಕ್ಕೂ ಓಡಾಡುತ್ತ ಕೂಗತೊಡಗಿದ.

ರೆನ್ಸ್ಕೆ ಕಂಪ್ಯೂಟರ್ ತೆರೆದಳು. ಮನೆಯ ಗೋಡೆಯ ಮೇಲೆ, ಸೂರಿನ ಕೆಳಗೆ, ಮರಳಿನತ್ತ ಮುಖಮಾಡಿದ ಒಂದು ಕ್ಯಾಮೆರಾ ಇತ್ತು. ಅತಿಥಿಗಳಿದ್ದಾಗ ಅದನ್ನು ನೋಡಬಾರದೆಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಮನೆಯ ಕಡತದಲ್ಲೂ ಹಾಗೇ ಬರೆದಿತ್ತು. ಅವಳು ಆ ಮಾತನ್ನು ಮುರಿದದ್ದು ಇದೇ ಮೊದಲು.

ಹಳೆಯ ಕ್ಯಾಮೆರಾ, ನಿಮಿಷಕ್ಕೊಂದು ಚಿತ್ರ ಕಳಿಸುತ್ತಿತ್ತು.

ಮೊದಲ ಚಿತ್ರ. ಬೂದುಬಣ್ಣದ ಮರಳು, ಬೂದುಬಣ್ಣದ ಆಕಾಶ. ನಾಲ್ಕನೇ ಐದನೇ ಕಂಬಗಳ ನಡುವೆ ಗಾಜು ಹಾಸಿದಂಥ ಒಂದು ಹೊಳಪು. ಕಾರಿಲ್ಲ. ಅವಳು ಉಸಿರು ಬಿಟ್ಟಳು.

ಫಿಂಟನ್‌ಗೆ ಮತ್ತೆ ಮಾಡಿದಳು. ಚರ್ಚಿಗೆ ಮಾಡಿದಳು, ಪೂಜೆಯ ವೇಳೆಗಳನ್ನು ಓದಿ ಹೇಳುವ ಯಂತ್ರದ ದನಿ. ಚಿಪ್ಸ್ ಅಂಗಡಿಯ ಹೆಸರು ನೆನಪಾಗಲಿಲ್ಲ. ಅದರ ಹಸಿರು ಬಾಗಿಲು, ಬಾಗಿಲ ಬಳಿ ವಿನೆಗರಿನ ವಾಸನೆ, ಎಲ್ಲ ನೆನಪಾಯಿತು, ಹೆಸರೊಂದು ಬಿಟ್ಟು. ಹಜಾರದಲ್ಲಿ ದೌವೆ ಒಂದೊಂದೇ ಅಕ್ಷರ ಬಿಡಿಸಿ ನಡುಗಡ್ಡೆಯ ಹೆಸರು ಹೇಳುತ್ತಿದ್ದ. ಎರಡನೇ ಸಲ. ಮೂರನೇ ಸಲ.

ಆರು ಗಂಟೆ ಐದು ನಿಮಿಷ. ಹೊಳಪು ಅಗಲವಾಗಿತ್ತು, ಆರನೇ ಕಂಬದ ಬುಡವೂ ಕಾಣಲಿಲ್ಲ.

ಆರು ಗಂಟೆ ಒಂಬತ್ತು. ದಡದ ಇಳಿಜಾರಿನ ತುದಿಯಲ್ಲಿ ಎರಡು ಬೆಳಕಿನ ಚುಕ್ಕಿ, ಅವುಗಳ ಹಿಂದೆ ಕೆಂಪು. ಫಿಂಟನ್ ಬುಕಿಂಗಿನಲ್ಲಿ ಬರೆದಿದ್ದ: ಕೆಂಪು ಕಾರು.

"ಬಂದ್ರು," ಅಂದಳು.

ಆರು ಗಂಟೆ ಹತ್ತು. ಕಾರು ಮರಳಿಗಿಳಿದಿತ್ತು. ಮೊದಲ ಕಂಬ ದಾಟಿತ್ತು. ಸಮಯಕ್ಕೆ ಇಪ್ಪತ್ತು ನಿಮಿಷ ಮೊದಲೇ ಬಂದೆವೆಂದು ಅವರು ನೆಮ್ಮದಿಯಾಗಿರುತ್ತಾರೆ. ಹೆಂಡತಿಯ ತೊಡೆಯ ಮೇಲೆ ಸಾಮಾನಿನ ಚೀಲ. ಬಾಡಿಗೆ ಮನೆಯವಳು ಎಷ್ಟು ಎಚ್ಚರಿಕೆಯವಳೆಂದು ಮಾತಾಡಿಕೊಳ್ಳುತ್ತಿರುತ್ತಾರೆ.

ರೆನ್ಸ್ಕೆ ಪರದೆಯ ಮೇಲೆ ಅಂಗೈ ಊರಿದಳು, ಕಾರಿನ ಮುಂದೆ, ಅಡ್ಡಲಾಗಿ. ಹಾಗೆ ಮಾಡಿದ್ದು ಅವಳಿಗೇ ತಿಳಿಯಲಿಲ್ಲ.

ಆರು ಗಂಟೆ ಹನ್ನೊಂದು. ಮೂರನೇ ಕಂಬ. ಮುಂದಿನ ಗಾಲಿಗಳ ಸುತ್ತ ಬೆಳ್ಳಗೆ ಏನೋ. ನೊರೆಯೋ, ದೀಪದ ಬೆಳಕೋ.

ಮುಂದಿನ ಚಿತ್ರ ಬರಲಿಲ್ಲ. ಪರದೆಯ ಮೂಲೆಯಲ್ಲಿ ಸಣ್ಣ ಚಕ್ರ ತಿರುಗಿತು, ತಿರುಗಿತು. ಅಡುಗೆಮನೆಯಲ್ಲಿ ಎರಡೂ ಗಡಿಯಾರಗಳ ಸದ್ದು. ಅವು ಒಂದೇ ತಾಳದಲ್ಲಿ ನಡೆಯುವುದಿಲ್ಲವೆಂದು ಅವಳು ಇಷ್ಟು ವರ್ಷ ಗಮನಿಸಿರಲಿಲ್ಲ.

ಚಿತ್ರ ಬಂದಾಗ ಆರು ಗಂಟೆ ಹದಿನಾಲ್ಕು. ನೀರು. ಕಂಬಗಳು. ಕಾರಿಲ್ಲ.

ದೌವೆ ಒಳಗೆ ಬಂದವನು, "ಅಲ್ಲಿನವರಿಗೆ ತಿಳಿಸಿದಾರಂತೆ, ದೋಣಿ ಕಳಿಸ್ತಾರಂತೆ," ಎನ್ನುತ್ತ ಪರದೆ ನೋಡಿ ಮಾತು ನಿಲ್ಲಿಸಿದ. ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕುಳಿತ. ಮುಂದಿನ ಚಿತ್ರದಲ್ಲೂ ಕಾರಿರಲಿಲ್ಲ. ಅದರ ಮುಂದಿನದರಲ್ಲೂ. ನಾಲ್ಕು ವರ್ಷದ ಮಗುವಿಗೆಂದು ರೆನ್ಸ್ಕೆಯೇ ಬೆಳಿಗ್ಗೆ ಅಟ್ರಾಕ್ಟಾಳಿಗೆ ಹೇಳಿ ಹಾಸಿಗೆಗೆ ಅಡ್ಡಪಟ್ಟಿ ಹಾಕಿಸಿದ್ದಳು, ಬೀಳದಿರಲೆಂದು. ಅದೊಂದೇ ತಲೆಯೊಳಗೆ ಸುತ್ತುತ್ತಿತ್ತು.

ಫೋನು ಬಡಿದುಕೊಂಡಿತು. ಅಟ್ರಾಕ್ಟಾಳ ಹೆಸರು.

"ಏನೇ, ಹದಿನಾಲ್ಕು ವರ್ಷ ಆದ್ಮೇಲೂ ಕಲೀಲಿಲ್ವಲ್ಲೇ ನೀನು!" ಏದುಸಿರಿನ ನಡುವೆ ಅಟ್ರಾಕ್ಟಾ ಅರಚಿದಳು. "ಇದಾರೆ, ಇದಾರೆ, ನಾಲ್ಕೂ ಜನ ಇದಾರೆ. ಅಳಬೇಡ. ಮೊದ್ಲು ಕೇಳು."

ಚರ್ಚಿಗೆ ಹೋಗುವ ಮೊದಲು ಚಿಪ್ಸ್ ಅಂಗಡಿಯ ಮುಂದೆ ಅವರನ್ನು ಕಂಡಿದ್ದಳಂತೆ. ಹಾಫ್ ಸಿಕ್ಸ್ ತನಕ ಸಮಯವಿದೆ ಎಂದು ಫಿಂಟನ್ ಹೇಳಿದಾಗ ಈ ತಿಂಗಳ ಹಾಳೆ ಕೈಯಲ್ಲಿಲ್ಲದ ತಾನೂ ತಲೆಯಾಡಿಸಿದ್ದಳಂತೆ. "ಪೂಜೆ ನಡೀತಿತ್ತು. ಪಾದ್ರಿ ಏನೋ ಹೇಳ್ತಿದ್ರು, ನಾನು ಎಂದಿನ ಹಾಗೆ ಬೇರೆ ಏನೋ ಯೋಚ್ನೆ ಮಾಡ್ತಿದ್ದೆ. ತಟ್ಟಂತ ಹೊಳೀತು. ಹಾಫ್ ಸಿಕ್ಸ್ ಅಂತ ಹೇಳ್ದೋರು ಯಾರು? ರೆನ್ಸ್ಕೆ. ಅಯ್ಯೋ ದೇವ್ರೇ, ಅದು ಅವರೂರ ಹೊತ್ತು! ಎಲ್ಲರ ಕಾಲು ತುಳ್ಕೊಂಡು ಎದ್ದು ಓಡಿದೆ. ನಾನು ಕಾರು ಹತ್ತಿ ದಡಕ್ಕೆ ಬರೋಷ್ಟರಲ್ಲಿ ಮೂರನೇ ಕಂಬ ಮುಟ್ಟಿದ್ರು. ಹಾರನ್ ಮೇಲೆ ಕೈಯೂರಿದ್ದು ತೆಗೀಲೇ ಇಲ್ಲ. ನಿಲ್ಸಿದ ಪುಣ್ಯಾತ್ಮ. ಬಂದ ಹಾಗೇ ಹಿಂದ್ಹಿಂದೆ ಬಂದ, ದಡದ ಆ ದೊಡ್ಡ ಬಂಡೆ ಮರೆಗೆ."

ಬಂಡೆಯ ಮರೆ. ಕ್ಯಾಮೆರಾಕ್ಕೆ ಅದು ಕಾಣುವುದಿಲ್ಲ. ದೋಣಿ ಬೇಡವೆಂದು ಹೇಳಲು ದೌವೆ ಮತ್ತೆ ಹಜಾರಕ್ಕೆ ಹೋದ.

"ಬಾಗಿಲ ತನಕ ನೀರು ಬಂದಿತ್ತು ಕಣೆ," ಅಂದಳು ಅಟ್ರಾಕ್ಟಾ, ಈಗ ತಗ್ಗಿದ ದನಿಯಲ್ಲಿ. ನಗುವಿರಲಿಲ್ಲ. "ತಗೋ, ಅವನೇ ಮಾತಾಡ್ತಾನಂತೆ. ರಾತ್ರಿ ನಮ್ಮನೇಲೇ ಇರ್ಲಿ ಇವ್ರು."

ಫಿಂಟನ್‌ನ ದನಿ ಬೇರೆಯೇ ಆಗಿತ್ತು. "ಕ್ಷಮಿಸಿ. ನೀವು ಅಷ್ಟು ಒತ್ತಿ ಹೇಳಿದ್ರಿ. ಮಕ್ಕಳ ಗಲಾಟೇಲಿ ನಾನೇ ತಪ್ಪು ಕೇಳಿಸ್ಕೊಂಡಿರ್ಬೇಕು. ನೀವು ಹಾಫ್ ಫೈವ್ ಅಂದಿದ್ರಿ ಅನ್ಸತ್ತೆ. ನಂದೇ ತಪ್ಪು."

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಏನೂ ಅನ್ನದಿದ್ದರೂ ಮುಗಿಯುತ್ತಿತ್ತು. ಅವನು ಡಬ್ಲಿನ್ನಿಗೆ ಹಿಂತಿರುಗಿ ಬದುಕಿರುವಷ್ಟು ದಿನ ತನ್ನ ಕಿವಿಯನ್ನೇ ಬೈದುಕೊಳ್ಳುತ್ತಿದ್ದ. ತನ್ನ ಮಕ್ಕಳನ್ನು ನೀರಿಗಿಳಿಸಿದವನು ತಾನೇ ಎಂದು.

"ಇಲ್ಲ," ಅಂದಳು ರೆನ್ಸ್ಕೆ. "ನೀವು ಸರಿಯಾಗೇ ಕೇಳಿಸ್ಕೊಂಡ್ರಿ. ನಾನು ಹಾಫ್ ಸಿಕ್ಸ್ ಅಂತಾನೇ ಹೇಳಿದ್ದು. ನಮ್ಮ ಭಾಷೇಲಿ ಅದು ಐದೂವರೆ. ತಪ್ಪು ನಂದು."

ಅತ್ತ ದೂರದಲ್ಲಿ ಒಂದು ಮಗು ಚಿಪ್ಸ್ ತಣ್ಣಗಾಗಿದೆ ಎಂದು ಅಳುತ್ತಿತ್ತು.

"ಈಗ ಮಾತಾಡೋಕಾಗಲ್ಲ," ಅಂದ ಫಿಂಟನ್. "ಮಕ್ಕಳಿದಾರೆ." ಫೋನು ಕಟ್ಟಾಯಿತು.

ದೌವೆ ಬಂದು ಅವಳ ಹೆಗಲ ಮೇಲೆ ಕೈಯಿಟ್ಟ. ಹಾಡಿನ ಅಭ್ಯಾಸದ ಮಾತು ಯಾರೂ ಎತ್ತಲಿಲ್ಲ. "ಆರಿಸು ಅದನ್ನ. ಸಾಕು," ಅಂದ, ಪರದೆ ತೋರಿಸಿ.

"ಇನ್ನೊಂದು ಸಲ," ಅಂದಳು.

ಚಿಕ್ಕ ಗಡಿಯಾರದ ದೊಡ್ಡ ಮುಳ್ಳು ಕೆಳಗಿಳಿದು ನೆಟ್ಟಗೆ ನಿಂತಿತು. ಆರೂವರೆ. ಅವಳೇ ಹೇಳಿದ್ದ ಹೊತ್ತು. ಚಿತ್ರ ಬಂತು. ಮೂರನೇ ಕಂಬದ ತಲೆ ಮಾತ್ರ ಕಾಣುತ್ತಿತ್ತು. ನಾಲ್ಕನೆಯದು, ಐದನೆಯದು ಎಲ್ಲಿದ್ದವೆಂದು ಅವಳು ಬೆರಳಿಟ್ಟು ಹುಡುಕಿದಳು. ಇರಲಿಲ್ಲ.