ನಳಿಗೆಯೊಳಗೆ ನಾಲ್ಕು ಬೆರಳು

ಸೀಸದ ಗುಂಡು ನಳಿಗೆಯ ಬಾಯಿಂದ ನಾಲ್ಕು ಬೆರಳಿನಷ್ಟು ಸಲೀಸಾಗಿ ಇಳಿದು, ಅಲ್ಲೇ ಕಚ್ಚಿಕೊಂಡು ನಿಂತಿತು. ಪರಪ್ಪ ಹಿತ್ತಾಳೆ ಸರಳಿನ ತಲೆಗೆ ಮರದ ಸುತ್ತಿಗೆಯಿಂದ ಇನ್ನೆರಡು ಏಟು ಹಾಕಿದ. ಅದು ಅಲುಗಲಿಲ್ಲ.

"ಕಾಕಾ, ಸ್ವಲ್ಪ ಇಲ್ಲಿ ಬರ್ರಿ."

"ನಾ ಬರೂದಿಲ್ಲ. ಸುಮ್ಮನ ಸೀಸ ಹಾಳ ಮಾಡಬ್ಯಾಡ ಅಂತ ಮುಂಜಾನೇನ ಹೇಳೇನಿ," ಅಂದ ಶಂಕ್ರೆಪ್ಪ, ಕೈಯಲ್ಲಿದ್ದ ಅರದಿಂದ ಕಣ್ಣು ಎತ್ತದೆ.

ಗ್ರಾಂಟ್ ರೋಡಿನ ಗಲ್ಲಿಯೊಂದರಲ್ಲಿದ್ದ ಆ ಬಂದೂಕು ರಿಪೇರಿ ಅಂಗಡಿಯಲ್ಲಿ ಶಂಕ್ರೆಪ್ಪನೇ ಹಿರಿಯ ಮಿಸ್ತ್ರಿ, ಪರಪ್ಪ ಅವನ ಕೈಕೆಳಗಿನ ಹುಡುಗ. ಶಂಕ್ರೆಪ್ಪ ಧಾರವಾಡದ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೇ ಇಯತ್ತೆ ಮುಗಿಸಿದವನು. ಇಪ್ಪತ್ತು ವರ್ಷ ಖಡಕಿಯ ಮಿಲಿಟರಿ ಕಾರ್ಖಾನೆಯಲ್ಲಿ ದುಡಿದು ಇಲ್ಲಿಗೆ ಬಂದಿದ್ದ. ಕೆಲಸ ಚೊಕ್ಕ, ಬಾಯಿ ಬೆಂಕಿ. ಮಲಾಡಿನ ಕಂಪನಿಯೊಂದು ತನ್ನ ಕಾವಲುಗಾರರಿಗೆಂದು ಜರ್ಮನ್ ಸೈನ್ಯದ ಎರಡು ಹಳೆಯ ರೈಫಲ್ ಕೊಂಡು ರಿಪೇರಿಗೆ ಕಳಿಸಿತ್ತು. ಒಂದನ್ನು ಕರಾವಳಿ ಕಡೆಯ ಕಾವಲುಗಾರ ದೂಜ ಬೆಳಿಗ್ಗೆಯೇ ಬಂದು ಒಯ್ದಿದ್ದ. ಇನ್ನೊಂದು ಈಗ ಪರಪ್ಪನ ಮೇಜಿನ ಇಕ್ಕಳದಲ್ಲಿತ್ತು.

ರೈಫಲಿನ ಮೇಲೆ ಎಂಟು ಮಿಲಿಮೀಟರ್ ಎಂದಿತ್ತು, ತೋಟಾಗಳ ಪೆಟ್ಟಿಗೆಯ ಮೇಲೂ ಅದೇ ಇತ್ತು. ಆದರೆ ಆ ಒಂದೇ ಹೆಸರಿನಲ್ಲಿ ಎರಡು ಜಾತಿ ಇವೆ ಎಂಬುದು ಈ ಕಸುಬಿನವರಿಗೆಲ್ಲ ಗೊತ್ತು. ಹಳೆಯ ನಳಿಗೆ ಇಕ್ಕಟ್ಟು, ಆಮೇಲೆ ಬಂದ ಗುಂಡು ದಪ್ಪ. ವ್ಯತ್ಯಾಸವೆಂದರೆ ಇಂಚನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಐದು ಪಾಲು. ಅದು ಕಣ್ಣಿಗೆ ಕಾಣುವುದಿಲ್ಲ. ಮೆತ್ತನೆಯ ಸೀಸವನ್ನು ನಳಿಗೆಯ ಈ ತುದಿಯಿಂದ ಆ ತುದಿಗೆ ಬಡಿದು ಹೊರತೆಗೆದು, ಅದನ್ನು ಮೈಕ್ರೋಮೀಟರಿನಲ್ಲಿ ಅಳೆಯಬೇಕು. ಶಂಕ್ರೆಪ್ಪ ಅಳೆಯುತ್ತಿರಲಿಲ್ಲ. ತೋಟಾದ ಮೂತಿಯನ್ನು ನಳಿಗೆಯ ಬಾಯಿಗೆ ತೂರಿಸಿ, ಎಷ್ಟು ಒಳಗೆ ಹೋಯಿತೆಂದು ಬೆರಳಿನಿಂದ ಸವರಿ ಹೇಳಿಬಿಡುತ್ತಿದ್ದ. ಬೆಳಿಗ್ಗೆ ಪರಪ್ಪ, "ಎರಡೂ ಅಳದು ಕೊಡೂಣು ಕಾಕಾ," ಅಂದಾಗ ದೂಜನ ಎದುರಿಗೇ ಸಿಡಿದಿದ್ದ. "ನೀ ಚಡ್ಡಿ ಹಾಕ್ಕೊಳ್ಳೂದು ಕಲಿಯೂಕಿಂತ ಮೊದಲಿಂದ ನಾ ನಳಿಗಿ ನೋಡಾಕತ್ತೇನಿ. ನನಗ ಅಳತಿ ಹೇಳ್ತೀಯೇನಲೇ?" ದೂಜ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಪರಪ್ಪ ಎದುರು ಕಡೆಯಿಂದ ಬಡಿದು ಸೀಸವನ್ನು ಹೊರಗೆ ತೆಗೆದ. ಮೈಕ್ರೋಮೀಟರಿನ ತಿರುಗಣೆ ತಿರುಗಿಸಿ, ಓದಿ, ಶಂಕ್ರೆಪ್ಪನ ಮುಂದೆ ಇಟ್ಟ. ಮುನ್ನೂರ ಹದಿನೆಂಟು. ಪೆಟ್ಟಿಗೆಯಿಂದ ಒಂದು ತೋಟಾ ತೆಗೆದು ಅದರ ಗುಂಡನ್ನೂ ಅಳೆದ. ಮುನ್ನೂರ ಇಪ್ಪತ್ಮೂರು.

"ಬಾಯಾಗ ಬರೋಬ್ಬರಿ ಹೋಗತೈತಲ್ಲೋ," ಅಂದ ಶಂಕ್ರೆಪ್ಪ. ದನಿ ಇಳಿದಿತ್ತು.

"ಬಾಯಿ ಸವದೈತ್ರಿ. ಸಿಪಾಯಿಗೋಳು ಉಕ್ಕಿನ ಸರಳ ತುರುಕಿ ತುರುಕಿ ತಿಕ್ಕ್ಯಾರ. ನಾಕ ಬೆರಳ ಒಳಗ ಹೋದ್ರ ಮೂಲ ನಳಿಗಿ."

ದೂಜನ ರೈಫಲಿನ ನಳಿಗೆಯೂ ಬೆಳಿಗ್ಗೆ ತೋಟಾವನ್ನು ಇಷ್ಟೇ ನುಂಗಿತ್ತು. ಎರಡರ ನಂಬರೂ ಹಿಂದು ಮುಂದಿನವು, ಒಂದೇ ಪಲ್ಟಣದವು. ತೋಟಾವನ್ನು ಒಳಗೆ ನೂಕಿ ಮುಚ್ಚುವ ಬೋಲ್ಟು ಹಾಕುವಾಗ ತುಸು ಬಿಗಿ ಬಂದಿತ್ತು. ಗ್ರೀಸು ಒಣಗಿದೆ ಎಂದುಕೊಂಡಿದ್ದ ಶಂಕ್ರೆಪ್ಪ. ಇಕ್ಕಟ್ಟಿನ ನಳಿಗೆಯಲ್ಲಿ ದಪ್ಪ ಗುಂಡು ಸಿಕ್ಕಿಕೊಂಡರೆ ಮದ್ದಿನ ಬೆಂಕಿ ಮುಂದೆ ಹೋಗದೆ ಹಿಂದಕ್ಕೆ ಬರುತ್ತದೆ. ಹಿಂದೆ ಇರುವುದು ಹೊಡೆಯುವವನ ಮುಖ.

ಅಂಗಡಿಯ ಮಾಲೀಕ ಸೇಠ ಮಲಾಡಿನ ಕಂಪನಿಗೆ ಫೋನು ಮಾಡಿದ. ಕಾವಲುಗಾರರೆಲ್ಲ ಕಲ್ಲುಗಣಿಗೆ ಹೋಗಿದ್ದಾರೆ, ನಾಲ್ಕಕ್ಕೆ ಗುರಿ ಪರೀಕ್ಷೆ, ಅಲ್ಲಿಗೆ ಕಳಿಸಲು ಆಳಿಲ್ಲ ಎಂದು ಗುಮಾಸ್ತ ಫೋನು ಇಟ್ಟುಬಿಟ್ಟ. ಗಡಿಯಾರದಲ್ಲಿ ಎರಡೂ ಮುಕ್ಕಾಲು. ಸೇಠ ಶಂಕ್ರೆಪ್ಪನ ತೋಳು ಹಿಡಿದು ಮೆಲ್ಲಗೆ ಹಿಂದಿಯಲ್ಲಿ ಹೇಳಿದ: ಸ್ಪ್ರಿಂಗ್ ಒಂದು ಹಾಕುವುದು ಉಳಿದಿದೆ ಅನ್ನು, ರೈಫಲ್ ತಗೊಂಡು ಬಾ, ಬೇರೆ ಏನೂ ಬಾಯಿ ಬಿಡಬೇಡ.

ಲೋಕಲ್ ರೈಲು ಬಾಂದ್ರಾ ದಾಟಿ ಸಿಗ್ನಲ್ಲಿಗೆ ನಿಂತಿತು. ಬಾಗಿಲಿಗೆ ಜೋತುಬಿದ್ದಿದ್ದ ಶಂಕ್ರೆಪ್ಪ ಸಿಗ್ನಲ್ಲಿಗೆ ಬೈದ, ಪಕ್ಕದಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡಿದ್ದವಳಿಗೆ ಬೈದ. ಅವಳು ಮರಾಠಿಯಲ್ಲಿ ಅದರ ಎರಡರಷ್ಟು ತಿರುಗಿ ಬೈದಳು. ಅಂಧೇರಿ ಬರುವಷ್ಟರಲ್ಲಿ ಮೂರೂವರೆ ದಾಟಿತ್ತು. ದೂಜ ಭಾನುವಾರ ಖಾನಾವಳಿಯಲ್ಲಿ ತನ್ನ ಪಕ್ಕದ ಮಣೆಯಲ್ಲಿ ಕೂರುವವನು. ಅನ್ನಕ್ಕೆ ಸಾರು ಕಡಿಮೆಯಾಯಿತೆಂದು ಪ್ರತಿ ವಾರ ಜಗಳ ತೆಗೆಯುವವನು. ಬೆಳಿಗ್ಗೆ ರೈಫಲನ್ನು ಮದುಮಗಳನ್ನು ಕರೆದೊಯ್ಯುವ ಹಾಗೆ ಗೋಣಿಯಲ್ಲಿ ಸುತ್ತಿ ಒಯ್ದಿದ್ದ.

ಮಲಾಡಿನಲ್ಲಿ ಇಳಿದು ಟಾಂಗಾ ಹತ್ತಿದ. ಗಣಿಯ ಇಳಿಜಾರಿಗೆ ಕುದುರೆ ಬರಲು ಒಪ್ಪದಿದ್ದಾಗ ಹಾರಿ ಓಡಿದ. ಕಲ್ಲು ಒಡೆಯುವ ಹೆಂಗಸರು ಬುಟ್ಟಿ ಮಗುಚಿ ಹಾಕಿ ಅದರ ಮೇಲೆ ಕೂತು ನೋಡುತ್ತಿದ್ದರು. ಕೆಳಗೆ ಗುರಿಯ ಹಲಗೆಯ ಎದುರು ದೂಜ ಗೋಣಿಯ ಮೇಲೆ ಬೋರಲು ಮಲಗಿದ್ದ. ಹಿಂದೆ ಕಾವಲಿನ ಮುಖ್ಯಸ್ಥ, ನಿವೃತ್ತ ಸುಬೇದಾರ್ ಕದಂ, ಕೈ ಕಟ್ಟಿ ನಿಂತಿದ್ದ.

"ತಡೀ ದೂಜಾ, ತಡೀ."

ದೂಜ ಕತ್ತು ತಿರುಗಿಸಿದ. "ಎಂತ ಮಿಸ್ತ್ರಿಗಳೇ, ನನ್ನ ಗುರಿ ನೋಡ್ಲಿಕ್ಕೆ ಇಷ್ಟು ದೂರ ಬಂದದ್ದಾ ಮಾರಾಯ್ರೆ? ಸಾರು ಹಾಕಿಸ್ತೀರಾದ್ರೆ ಹೇಳಿ, ಸರಿಯಾಗಿ ನಡುವಿಗೇ ಹೊಡೀತೇನೆ."

ಶಂಕ್ರೆಪ್ಪ ಏದುಸಿರು ಬಿಡುತ್ತ ಕದಂ ಕಡೆ ತಿರುಗಿದ. "ಸಾಹೇಬ, ಏಕ್ ಸ್ಪ್ರಿಂಗ್ ಬಾಕಿ ಹೈ. ರೈಫಲ್ ವಾಪಸ್ ದೇನಾ."

ಕದಂ ಗಡಿಯಾರ ನೋಡಿಕೊಂಡ. "ಪಾಂಚ್ ರೌಂಡ್ ಹೋ ಜಾಯೇ, ಫಿರ್ ಲೇ ಜಾವ್."

"ಅಷ್ಟೇ ಅಲ್ವಾ. ಐದು ಗುಂಡು ಹೊಡೆದು ಕೊಡ್ತೇನೆ, ಕೂತ್ಕೊಳ್ಳಿ," ಅಂದ ದೂಜ. ಬೋಲ್ಟನ್ನು ಮುಂದಕ್ಕೆ ನೂಕಿದ. ಅದು ತುಸು ಬಿಗಿಯಾಯಿತು. ಅಂಗೈಯಿಂದ ಗುದ್ದಿ ಹಾಕಿದ. ಕೆನ್ನೆಯನ್ನು ಮರಕ್ಕೆ ಒತ್ತಿ, ಒಂದು ಕಣ್ಣು ಮುಚ್ಚಿದ.

ಶಂಕ್ರೆಪ್ಪ ಬಗ್ಗಿ ನಳಿಗೆಗೆ ಕೈ ಹಾಕಿ, ಆಕಾಶದ ಕಡೆ ಎತ್ತಿಬಿಟ್ಟ.

"ಮಂಡೆ ಸರಿ ಉಂಟಾ ನಿಮ್ಗೆ? ತೋಟಾ ಉಂಟು ಒಳಗೆ."

"ಬೆರಳ ತಗೀ. ಮೊದಲ ಬೆರಳ ತಗೀ ಅಲ್ಲಿಂದ. ಸ್ಪ್ರಿಂಗೂ ಇಲ್ಲ, ಏನೂ ಇಲ್ಲ. ನಾ ಅಳದಿಲ್ಲೋ. ಈ ಗುಂಡು ಈ ನಳಿಗಿದಲ್ಲ."

ದೂಜ ಟ್ರಿಗರಿನಿಂದ ಬೆರಳು ತೆಗೆದು ಎದ್ದು ಕೂತ. ನಗು ಇನ್ನೂ ತುಟಿಯಲ್ಲೇ ಇತ್ತು. "ಬೆಳಿಗ್ಗೆ ಪರಪ್ಪನಿಗೆ ಅಷ್ಟು ಬೈದದ್ದು ಮತ್ತೆ ಎಂತಕ್ಕೆ?"

"ಅವನ ಮಾತ ಖರೇ ಇತ್ತು. ಅದಕ್ಕ ಬೈದೆ."

ಅಳತೆ ತಪ್ಪಿದ್ದನ್ನು ಕದಂ ಹಿಂದಿಯಲ್ಲಿ ಎರಡು ಸಲ ಹೇಳಿಸಿದ. ಬೋಲ್ಟು ತೆಗೆಸಿ, ತೋಟಾವನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ಗುರಿಯ ಕಾಗದವೊಂದನ್ನು ಮಗುಚಿ, ಪೆನ್ಸಿಲ್ ಮುಂದೆ ಹಿಡಿದ. ಕಂಪನಿ ಕೇಳುತ್ತದೆ, ಏನಾಯಿತು ಅಂತ ಬರೆದು ಸಹಿ ಹಾಕು, ಅಂದ. ಶಂಕ್ರೆಪ್ಪನಿಗೆ ಬರೆಯಲು ಬರುತ್ತಿದ್ದುದು ಕನ್ನಡವೊಂದೇ. ಕಲ್ಲಿನ ಮೇಲೆ ಕಾಗದ ಇಟ್ಟು, ಶಾಲೆಯಲ್ಲಿ ಕಲಿತ ದಪ್ಪ ಅಕ್ಷರದಲ್ಲಿ ನಿಧಾನವಾಗಿ ಬರೆದ. ಸೇಠನ ಮಾತು ಮೀರಿದ್ದರಿಂದ ಇನ್ನು ಅಂಗಡಿಗೆ ಹೋದರೆ ತನ್ನ ಅರ, ಇಕ್ಕಳ ಎತ್ತಿಕೊಂಡು ಬರುವುದಕ್ಕಷ್ಟೇ ಎಂದು ಅವನಿಗೆ ಗೊತ್ತಿತ್ತು. ಆದರೂ ಒಂದು ಸಾಲನ್ನೂ ಬಿಡಲಿಲ್ಲ.

ಕದಂಗೆ ಕನ್ನಡ ಓದಲು ಬರುತ್ತಿರಲಿಲ್ಲ. ಕಾಗದವನ್ನು ದೂಜನಿಗೆ ಕೊಟ್ಟ. "ಪಢೋ. ಹಿಂದೀ ಮೇ ಸಮಝಾವ್."

ದೂಜ ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದಿದ. "ನಾನು ಶಂಕ್ರೆಪ್ಪ, ಈ ರೈಫಲಿನ ನಳಿಗೆ ಅಳೆಯದೆ ಕೊಟ್ಟಿದ್ದೇನೆ. ಬಾಯಿ ಸವೆದದ್ದು ತಿಳಿಯಲಿಲ್ಲ. ಗುಂಡು ಐದು ಪಾಲು ದಪ್ಪ. ಹೊಡೆದಿದ್ದರೆ ಬೋಲ್ಟು ಹಿಂದಕ್ಕೆ ಸಿಡಿದು ಹೊಡೆದವನ..."

ಅವನು ಅಲ್ಲಿಗೆ ನಿಲ್ಲಿಸಿದ.

"ಆಗೇ?" ಮುಂದೇನೆಂದು ಕೇಳಿದ ಕದಂ.

ದೂಜ ಆ ಸಾಲಿನ ಉಳಿದದ್ದನ್ನು ತುಟಿ ಅಲುಗಿಸದೆ ಓದಿಕೊಂಡ. ಮೇಲೆ ಕಲ್ಲು ಒಡೆಯುವವರು ಕೆಲಸಕ್ಕೆ ಎದ್ದಿದ್ದರು, ಸುತ್ತಿಗೆಯ ಸದ್ದು ಒಂದೊಂದಾಗಿ ಶುರುವಾಯಿತು. ಅವನ ಬಲಗೆನ್ನೆಯಲ್ಲಿ ರೈಫಲಿನ ಮರದ ಎಣ್ಣೆ ಬೆರಳುದ್ದ ಹತ್ತಿಕೊಂಡಿತ್ತು. ಅವನು ಕೈ ಎತ್ತಿ ಅದನ್ನು ಮುಟ್ಟಿದ, ಒರೆಸಲಿಲ್ಲ, ಮುಟ್ಟಿಕೊಂಡೇ ಕೂತ.