ಕೆಂಚಿಯ ಕಾಲಿಗೆ ಬಾಡೂಟ

ಕೋಳಿ ಹಿಡಿಯಿತೆಂದು ಬೈರೇಶ ಬೀದಿನಾಯಿ ಕೆಂಚಿಯ ಹಿಂಗಾಲಿಗೆ ಕಬ್ಬಿಣದ ರಾಡಿನಿಂದ ಬಾರಿಸಿದ್ದ. ಒಂದೇಟಲ್ಲ, ಕೈ ಸೋಲುವವರೆಗೆ. ಮೂಳೆ ಚರ್ಮ ಸೀಳಿಕೊಂಡು ಹೊರಗೆ ಬಂದಿತ್ತು. ಕೋಳಿ ಹಿಡಿದದ್ದು ಮುಂಗುಸಿ ಎಂದು ಆಮೇಲೆ ಗೊತ್ತಾಯಿತು. ಗೊತ್ತಾಗಿ ನಾಯಿಗೇನು ಬಂತು, ಮಣ್ಣು!

ಜಡಿಗೇನಹಳ್ಳಿಯ ಹೊರಗೆ ಗಾಯಗೊಂಡ ಪ್ರಾಣಿಗಳಿಗೆಂದು ಶೆಡ್ಡು ಹಾಕಿಕೊಂಡಿದ್ದ ಆಶಾರಾಣಿ ಅದನ್ನು ಗೋಣಿಚೀಲದಲ್ಲಿ ಎತ್ತಿ ತಂದಳು. ಸೋಮವಾರದೊಳಗೆ ಆಪರೇಷನ್ ಆಗದಿದ್ದರೆ ನಂಜೇರಿ ಸಾಯುತ್ತದೆ, ನಲವತ್ತು ಸಾವಿರ ಬೇಕು ಎಂದರು ಹೊಸಕೋಟೆಯ ಡಾಕ್ಟರು. ಆಶಾರಾಣಿ ಮನೆಮನೆ ಅಲೆದಳು. ನಾಯಿಗೆ ಅಂದರೆ ಬಿಚ್ಚುವ ಕೈ ಎಲ್ಲಿದೆ?

ದಾರಿ ತೋರಿಸಿದವರು ಊರಿನ ಹಿರಿಯ ಆದಿನಾರಾಯಣಪ್ಪ. “ಬರೀ ಕೈ ಚಾಚಿದ್ರೆ ಯಾರ್ ಕೊಡ್ತಾರಮ್ಮ? ಬಾಡೂಟ ಹಾಕ್ಸು. ಉಂಡೋರು ಮುಯ್ಯಿ ಹಾಕ್ದೆ ಹೋಗಲ್ಲ.” ಮದುವೆಗೆ, ಗೃಹಪ್ರವೇಶಕ್ಕೆ ಊರು ಹೀಗೇ ಉಂಡು ದುಡ್ಡು ಕೂಡಿಸುತ್ತಿತ್ತು. ಮೂರು ಕುರಿಗಳನ್ನು ಅವರೇ ಕೊಡಿಸಿದರು.

“ಒಂದ್ ಜೀವ ಉಳ್ಸಕ್ಕೆ ಮೂರ್ ಜೀವ ತೆಗೀಬೇಕಾ?” ಎಂದಳು ಆಶಾರಾಣಿ.

“ಹಂಗಾರೆ ಅನ್ನ ಸಾರು ಹಾಕ್ಸು. ಹತ್ ಹತ್ ರೂಪಾಯಿ ಬೀಳ್ತದೆ.”

ಭಾನುವಾರ ಬೆಳಿಗ್ಗೆ ಮಚ್ಚು ಹಿಡಿದು ಬಂದವನು ಬೈರೇಶ. “ನಾನ್ ಮುರ್ದಿರೋ ಕಾಲು ಕಣಕ್ಕ. ಕೂಲಿ ಬ್ಯಾಡ, ನಾನೇ ಕುಯ್ದು ಕೊಡ್ತೀನಿ,” ಎಂದ. ಕಣ್ಣಲ್ಲಿ ನೀರಿತ್ತು. ಅವನ ಪಶ್ಚಾತ್ತಾಪಕ್ಕಿಷ್ಟು ಬೆಂಕಿ ಹಾಕ, ಅದಕ್ಕೂ ರಕ್ತವೇ ಬೇಕಾಯಿತು.

ಮೊದಲ ಕುರಿಯ ಕುತ್ತಿಗೆ ಒಂದೇ ಏಟಿಗೆ ಹೋಯಿತು. ಎರಡನೆಯದಕ್ಕೆ ಏಟು ಜಾರಿ, ಅರ್ಧ ಕಡಿದ ಕುತ್ತಿಗೆಯಲ್ಲಿ ಅದು ಅಂಗಳವಿಡೀ ಹೊರಳಾಡಿತು. ರಕ್ತ ಆಶಾರಾಣಿಯ ಸೀರೆಗೂ ಚಿಮ್ಮಿತು. ಮೂರನೆಯದು ಹಗ್ಗ ಕಿತ್ತುಕೊಂಡು ಶೆಡ್ಡಿಗೆ ನುಗ್ಗಿ, ಮಲಗಿದ್ದ ಕೆಂಚಿಯ ಹಿಂದೆ ಮೂಲೆ ಸೇರಿತು. ಬೈರೇಶ ಬಾಗಿಲಿಗೆ ಬಂದದ್ದೇ ತಡ, ಕೆಂಚಿ ಮುಂಗಾಲಲ್ಲೇ ತೆವಳಿ ಬಂದು ಅವನತ್ತ ಹಲ್ಲು ಕಿರಿಯಿತು.

ಬೈರೇಶ ಹಿಂದೆ ಸರಿದ. “ನೀನೇ ಎಳ್ಕೊಂಡ್ ಬಾ ಅಕ್ಕ. ನಿಂಗಾದ್ರೆ ಅದು ಏನೂ ಮಾಡಲ್ಲ.”

“ಇದೊಂದನ್ನ ಬಿಟ್ಬಿಡಣ,” ಎಂದು ಆಶಾರಾಣಿ ಅಂಗಲಾಚಿದಳು.

“ಮಧ್ಯಾಹ್ನಕ್ಕೆ ಊರೆಲ್ಲ ಬರ್ತದೆ. ಬಾಡು ಸಾಲ್ದಿದ್ರೆ ಬೈಕೊಂಡು ಎದ್ದೋಗ್ತಾರೆ. ನಾಳೆ ಸೋಮ್ವಾರ ಕಣಮ್ಮ,” ಎಂದರು ಆದಿನಾರಾಯಣಪ್ಪ.

ಆಶಾರಾಣಿ ಒಳಗೆ ಹೋದಳು. ಅವಳನ್ನು ಕಂಡು ಕೆಂಚಿ ಬಾಲ ಬಡಿಯಿತು. ಅದನ್ನು ದಾಟಿ ಅವಳು ಕುರಿಯ ಕಿವಿ ಹಿಡಿದು ಎಳೆದಳು. ಕುರಿ ಅರಚಿತು. ಕೆಂಚಿ ಅವಳ ಮುಂಗೈಗೆ ಬಾಯಿ ಹಾಕಿತು, ಹಲ್ಲು ಮೂಳೆಗೆ ತಾಗಿತು. ಆಶಾರಾಣಿ ಕಿವಿ ಬಿಡಲಿಲ್ಲ. ಕೆಂಚಿಯ ಮೂತಿಗೆ ಒದ್ದಳು. ಅದು ಬಿಡದಿದ್ದಾಗ ಮತ್ತೆ ಒದ್ದಳು. ಮುರಿದ ಕಾಲು ಗೋಡೆಗೆ ಬಡಿದು ನಾಯಿ ಕಿರುಚಿದ್ದು ಅಂಗಳಕ್ಕೆಲ್ಲ ಕೇಳಿಸಿತು. ಅವಳು ಕುರಿಯನ್ನು ದರದರ ಎಳೆದು ತಂದು ಬೈರೇಶನ ಕೈಗೆ ಕೊಟ್ಟಳು.

ಊರು ಹೊಟ್ಟೆ ತುಂಬ ಉಂಡಿತು. ಮುಯ್ಯಿಯ ತಟ್ಟೆಯೂ ತುಂಬಿತು.

ಸೋಮವಾರ ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವಾಗ ಕೆಂಚಿಯ ತಲೆ ಹಿಡಿಯಲು ಆಶಾರಾಣಿ ಕೈ ಚಾಚಿದಳು. ಕೆಂಚಿ ಗಡಗಡ ನಡುಗಿ, ಉಚ್ಚೆ ಹೊಯ್ದುಕೊಂಡು, ಮೇಜಿನ ಆಚೆ ತುದಿಗೆ ತೆವಳಿತು. ಡಾಕ್ಟರು ನಾಯಿಯನ್ನು ನೋಡಿ, ಅವಳ ಕೈಯ ಬ್ಯಾಂಡೇಜು ನೋಡಿದರು.

“ಅವತ್ತು ಬೇರೆ ಯಾರೋ ಹೊಡೆದ್ರು ಅಂದ್ರಲ್ಲ. ನಿಜ ಹೇಳಿ, ಹೊಡೆದೋರು ನೀವೇನಾ?”

“ಹೂಂ ಸಾರ್, ನಾನೇ. ಕಾಲು ಸರಿ ಮಾಡ್ಕೊಡಿ,” ಎಂದು ಆಶಾರಾಣಿ, ನಾಯಿಯ ಕಣ್ಣಿಗೆ ಬೀಳದಂತೆ ಬಾಗಿಲಾಚೆ ಹೋಗಿ ನಿಂತು ಅತ್ತಳು.